ಗೆಂಡೆ ಮೀನಿಗೆ ಯಾವ ಆಕಾರದ ಗಾಳ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯವನು, ಉದ್ಯೋಗದ ನಿಮಿತ್ತ ಇಂಗ್ಲೆಂಡಿನ ರೆಡಿಂಗ್ ಬಳಿ ನೆಲೆಸಿದ್ದೇನೆ. ಇಲ್ಲಿ ದಿನದ ಟಿಕೆಟ್ ಪಡೆದು ಗಾಳ ಹಾಕಬಹುದಾದ ಒಂದು ಕೆರೆಯಿದೆ. ಹಿಂದೆ ಜಲ್ಲಿ ತೆಗೆದ ಗುಂಡಿಯಲ್ಲಿ ನೀರು ತುಂಬಿ ಆದ ಕೆರೆ ಅದು. ತಳದಲ್ಲಿ ಕೆಲವೆಡೆ ಜಲ್ಲಿ, ಕೆಲವೆಡೆ ಹೂಳು. ಹಿಮ್ಮುಳ್ಳಿಲ್ಲದ ಗಾಳ ಮಾತ್ರ ಬಳಸಬೇಕೆಂಬ ನಿಯಮವಿದೆ. 15 ಮಿಲಿಮೀಟರಿನ ಬಾಯ್ಲಿಯನ್ನು, ಅಂದರೆ ಬೇಯಿಸಿ ಗಟ್ಟಿ ಮಾಡಿದ ಎರೆಯ ಉಂಡೆಯನ್ನು, ಹೇರ್ ರಿಗ್ಗಿನಲ್ಲಿ (ಗಾಳದಿಂದ ಇಳಿಬಿಟ್ಟ ಎಳೆಯಲ್ಲಿ) ಪೋಣಿಸಿ, 8ನೇ ನಂಬರಿನ ಲಾಂಗ್ ಶ್ಯಾಂಕ್ (ಉದ್ದ ದಂಡದ) ಗಾಳವನ್ನು ಬಿರುಸಾದ ಫ್ಲೂರೋಕಾರ್ಬನ್ ದಾರಕ್ಕೆ ಕಟ್ಟಿ ಬಳಸುತ್ತಿದ್ದೇನೆ. ಮೀನು ಎಳೆಯುತ್ತದೆ, ಆದರೆ ದಡ ಮುಟ್ಟುವ ಮೊದಲೇ ಕಳಚಿಕೊಳ್ಳುತ್ತದೆ. ಅಂಗಡಿಯಲ್ಲಿ ವೈಡ್ ಗೇಪ್, ಕರ್ವ್ ಶ್ಯಾಂಕ್, ಲಾಂಗ್ ಶ್ಯಾಂಕ್, ಚಾಡ್ ಎಂದು ಹಲವು ಆಕಾರಗಳಿವೆ. ಯಾವುದನ್ನು ಕೊಳ್ಳಲಿ? ಊರಿಗೆ ಬಂದಾಗ ಕಾಟ್ಲಾ, ರೋಹುಗಳಿಗೂ ಇವೇ ಗಾಳಗಳು ಆದಾವೇ?

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ, ತಪ್ಪು ಲಾಂಗ್ ಶ್ಯಾಂಕ್ ಎಂಬ ಆಕಾರದಲ್ಲಿಲ್ಲ; ಆ ಆಕಾರಕ್ಕೂ ನೀವು ಕಟ್ಟಿರುವ ದಾರಕ್ಕೂ ಉಂಡೆಯ ಗಾತ್ರಕ್ಕೂ ಹೊಂದಿಕೆಯಾಗದಿರುವುದರಲ್ಲಿದೆ. ಅಂಗಡಿಯ ಗೋಡೆಯ ಮುಂದೆ ನಿಂತು ಮೊದಲು ಗಾಳದ ಆಕಾರವನ್ನು ಆರಿಸಿ, ಆಮೇಲೆ ಅದಕ್ಕೆ ದಾರವನ್ನೂ ಎರೆಯನ್ನೂ ಜೋಡಿಸುವುದು ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ದಾರಿ. ನಾನು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಕೆರೆಯ ತಳ ಎಂಥದ್ದು, ಎರೆ ಎಷ್ಟು ದೊಡ್ಡದು, ದಾರ ಮೃದುವೋ ಬಿರುಸೋ ಎಂಬ ಮೂರು ಸಂಗತಿಗಳನ್ನು ಮೊದಲು ತೀರ್ಮಾನಿಸಿದರೆ, ಗಾಳದ ಆಕಾರ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ, ಆಯ್ಕೆಗೆ ಉಳಿಯುವುದು ಒಂದೋ ಎರಡೋ ಬಗೆ ಮಾತ್ರ.

ಗೆಂಡೆಯ ಬಾಯಿಯ ರಚನೆಯಿಂದಲೇ ಪ್ರಾರಂಭಿಸಬೇಕು. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ. ಜಗಿಯುವ ಹಲ್ಲುಗಳು ಗಂಟಲಿನ ಒಳಗಿವೆ. ತುಟಿಗಳನ್ನು ಮುಂದಕ್ಕೆ ಕೊಳವೆಯಂತೆ ಚಾಚಿ, ತಳದಲ್ಲಿರುವುದನ್ನು ನೀರಿನ ಸಮೇತ ಒಳಗೆ ಹೀರಿಕೊಂಡು, ಬೇಕಾದುದನ್ನು ಇಟ್ಟುಕೊಂಡು ಬೇಡವಾದುದನ್ನು ಉಗುಳುವುದು ಅದರ ಉಣ್ಣುವ ಕ್ರಮ. ಕಲ್ಲಿನ ಹರಳು, ಕಡ್ಡಿ, ಚಿಪ್ಪುಗಳನ್ನು ದಿನವಿಡೀ ಹೀಗೆ ಉಗುಳುತ್ತಲೇ ಇರುವ ಮೀನಿಗೆ ಗಾಳವನ್ನು ಉಗುಳುವುದು ಹೊಸ ವಿದ್ಯೆಯೇನೂ ಅಲ್ಲ. ಆದ್ದರಿಂದ ಗೆಂಡೆಗೆ ಹಾಕುವ ಗಾಳ ಒಳಗೆ ಹೋಗುವಾಗ ಏನು ಮಾಡುತ್ತದೆ ಎಂಬುದಕ್ಕಿಂತ, ಉಗುಳಿದಾಗ ಹೊರಬರುವ ದಾರಿಯಲ್ಲಿ ಎಷ್ಟು ಬೇಗ ಹೊರಳಿ, ಮೊನೆಯನ್ನು ಕೆಳಗೆ ಮಾಡಿ, ಕೆಳತುಟಿಯ ಒಳಭಾಗಕ್ಕೆ ತಗಲುತ್ತದೆ ಎಂಬುದೇ ಮುಖ್ಯವಾಗುತ್ತದೆ. ಅಂಗಡಿಯಲ್ಲಿ ನೀವು ಕಂಡ ಆಕಾರಗಳೆಲ್ಲ ಈ ಒಂದು ಹೊರಳುವಿಕೆಯನ್ನು ಸಾಧಿಸಲು ಬೇರೆಬೇರೆಯವರು ಹುಡುಕಿದ ಬೇರೆಬೇರೆ ಉಪಾಯಗಳು.

ಇಂಗ್ಲೆಂಡಿನಲ್ಲಿ ಮೊದಲು ಹೀಗಿರಲಿಲ್ಲ. 1952ರ ಸೆಪ್ಟೆಂಬರಿನಲ್ಲಿ ರಿಚರ್ಡ್ ವಾಕರ್ ಅವರು ಹೆರೆಫರ್ಡ್‌ಶೈರಿನ ರೆಡ್‌ಮೈರ್ ಕೊಳದಲ್ಲಿ 44 ಪೌಂಡ್, ಅಂದರೆ ಸುಮಾರು 20 ಕಿಲೋ ತೂಕದ, ಬ್ರಿಟನ್ನಿನ ದಾಖಲೆಯಾದ ಗೆಂಡೆಯನ್ನು ಹಿಡಿದಾಗ ಬಳಸಿದ್ದು ಬ್ರೆಡ್ಡಿನ ಎರೆ. ಅದೇ ಕೊಳದಲ್ಲಿ 1980ರಲ್ಲಿ ಕ್ರಿಸ್ ಯೇಟ್ಸ್ ಅವರು ಐವತ್ತೊಂದೂವರೆ ಪೌಂಡಿನ ಮೀನಿನಿಂದ ಆ ದಾಖಲೆಯನ್ನು ಮುರಿದದ್ದು ಸಿಹಿ ಮೆಕ್ಕೆಜೋಳದ ಕಾಳುಗಳಿಂದ. ಆ ಪದ್ಧತಿಯಲ್ಲಿ ಎರೆಯನ್ನು ಗಾಳಕ್ಕೇ ಚುಚ್ಚುತ್ತಿದ್ದರು. ಗಾಳದ ಆಕಾರಕ್ಕಿಂತ ಅದರ ಗಟ್ಟಿತನವೂ ಹಿಡಿಯುವವನು ಕೋಲನ್ನು ಎತ್ತುವ ಸಮಯವೂ ಹೆಚ್ಚಿನ ಮಾತಾಗಿದ್ದವು. 1970ರ ದಶಕದ ಕೊನೆಯಲ್ಲಿ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಅವರು ಎರೆಯನ್ನು ಗಾಳಕ್ಕೆ ಚುಚ್ಚದೆ, ಗಾಳದಿಂದ ಇಳಿಬಿಟ್ಟ ಕೂದಲೆಳೆಗೆ ಕಟ್ಟುವ ಕ್ರಮವನ್ನು ರೂಪಿಸಿದರು. ಹೇರ್ ರಿಗ್ ಎಂಬುದು ಇದೇ. ಇದರಿಂದ ಗಾಳ ಪೂರ್ತಿ ಬರಿದಾಗಿ, ಮೊನೆ ತೆರೆದುಕೊಂಡು ಮೀನಿನ ಬಾಯಿಗೆ ಹೋಗುವಂತಾಯಿತು. ಅದರೊಡನೆ ಎರಡೂವರೆಯಿಂದ ನಾಲ್ಕು ಔನ್ಸಿನ, ಎಂದರೆ ಸುಮಾರು 70ರಿಂದ 110 ಗ್ರಾಮಿನ ಸೀಸದ ಗುಂಡು ಸೇರಿದಾಗ, ಮೊನೆ ತಗುಲಿದ ಮೀನು ಗಾಬರಿಯಿಂದ ಓಡಿ ಸೀಸದ ಭಾರಕ್ಕೆ ತನ್ನನ್ನು ತಾನೇ ಚುಚ್ಚಿಕೊಳ್ಳತೊಡಗಿತು. ಎರೆ ಮುಚ್ಚದ ಬರಿಯ ಗಾಳದ ವಕ್ರತೆ, ಕಣ್ಣಿನ ಕೋನ, ಮೊನೆಯ ದಿಕ್ಕುಗಳು ಚರ್ಚೆಯ ವಿಷಯಗಳಾದದ್ದು ಆಮೇಲೆ.

ಇನ್ನು ಗಾಳದ ಅಂಗಗಳಿಗೆ ಬರೋಣ. ದಾರ ಕಟ್ಟುವ ಕಣ್ಣು, ಕಣ್ಣಿನಿಂದ ಇಳಿಯುವ ದಂಡ, ದಂಡ ತಿರುಗುವ ಬಾಗು, ಕೊನೆಯ ಮೊನೆ, ಮೊನೆಗೂ ದಂಡಕ್ಕೂ ನಡುವಿನ ತೆರಪು, ಮೊನೆಯ ಹಿಂದೆ ಎದ್ದಿರುವ ಹಿಮ್ಮುಳ್ಳು. ಇವುಗಳಲ್ಲಿ ಕೊಳ್ಳುವವರು ಅತ್ಯಂತ ಕಡಿಮೆ ಗಮನ ಕೊಡುವುದು ಕಣ್ಣಿಗೆ, ನಿಮ್ಮ ತೊಂದರೆಯ ಬೇರು ಇರುವುದೂ ಅಲ್ಲಿಯೇ ಎಂದು ನನ್ನ ಅಂದಾಜು.

ಕಣ್ಣು ಮೊನೆಯ ಬದಿಗೆ ಬಾಗಿರಬಹುದು, ನೇರವಾಗಿರಬಹುದು, ಇಲ್ಲವೇ ಹೊರಬದಿಗೆ ಬಾಗಿರಬಹುದು. ನಾಟ್‌ಲೆಸ್ ನಾಟ್ ಎಂಬ ಸುತ್ತುಗಂಟಿನಲ್ಲಿ ದಾರವನ್ನು ದಂಡಕ್ಕೆ ಏಳೆಂಟು ಸುತ್ತು ಸುತ್ತಿ, ಕೊನೆಗೆ ಕಣ್ಣಿನ ಹಿಂಬದಿಯಿಂದ, ಅಂದರೆ ಮೊನೆಗೆ ವಿರುದ್ಧವಾದ ಬದಿಯಿಂದ ತೂರಿಸಿ ಮೊನೆಯ ಬದಿಗೆ ತೆಗೆಯುತ್ತೇವೆ. ದಾರ ಮೃದುವಾಗಿದ್ದರೆ, ಒಳಬಾಗಿದ ಕಣ್ಣಿನಿಂದ ಹೊರಟ ದಾರ ಬಿಗಿಯಾದೊಡನೆ ಗಾಳವನ್ನು ಓರೆಯಾಗಿ ಎಳೆದು ಮೊನೆಯನ್ನು ತುಟಿಯ ಕಡೆಗೆ ತಿರುಗಿಸುತ್ತದೆ. ಮೃದು ದಾರಕ್ಕೆ ಒಳಗಣ್ಣು ಒಪ್ಪುವುದು ಇದಕ್ಕಾಗಿ. ಅದೇ ಒಳಗಣ್ಣಿನಿಂದ ಬಿರುಸಾದ ದಾರ ಹೊರಟರೆ ಅದು ಬಾಗಿಕೊಡದೆ ಮೊನೆಯ ದಿಕ್ಕಿಗೆ ಓರೆಯಾಗಿ ಚಾಚಿಕೊಂಡು ನಿಲ್ಲುತ್ತದೆ. ಮೊನೆ ತುಟಿಯ ಮೇಲೆ ಇಳಿಯಬೇಕಾದ ಬಾಗಿಲನ್ನು ದಾರವೇ ಅರ್ಧ ಮುಚ್ಚಿಬಿಡುತ್ತದೆ. ಗಾಳ ಚುಚ್ಚುವುದೇ ಇಲ್ಲವೆಂದಲ್ಲ, ಆದರೆ ತುಟಿಯ ದಪ್ಪ ಭಾಗವನ್ನು ಪೂರ್ತಿ ಹಿಡಿಯದೆ ಅಂಚಿನ ತೆಳುಚರ್ಮಕ್ಕೆ ಸಿಕ್ಕಿಕೊಳ್ಳುತ್ತದೆ. ಅಂಚಿನ ಹಿಡಿತ ಮೊದಲ ಓಟವನ್ನು ತಾಳಿ, ಮೀನು ದಡದ ಹತ್ತಿರ ತಲೆ ಕೊಡವಿದಾಗ ಹರಿದುಕೊಂಡು ಬರುತ್ತದೆ. ಬಿರುಸಾದ ದಾರವನ್ನೇ ಬಳಸಬೇಕೆಂದಿದ್ದರೆ ಕಣ್ಣು ನೇರವಾಗಿರಬೇಕು ಅಥವಾ ಹೊರಕ್ಕೆ ಬಾಗಿರಬೇಕು. ಚಾಡ್ ಎಂಬ ಹೆಸರಿನ ಗಾಳಗಳಿಗೆ ಹೊರಗಣ್ಣು ಇರುವುದು ಈ ಕಾರಣಕ್ಕೆ. ಬಿರುಸಾದ ಎಳೆಯನ್ನು ಬಿಲ್ಲಿನಂತೆ ಬಗ್ಗಿಸಿ, ತೇಲುವ ಪಾಪ್-ಅಪ್ ಉಂಡೆಯನ್ನು ತಳದಿಂದ ಸ್ವಲ್ಪ ಮೇಲೆ ನಿಲ್ಲಿಸಲು ಅವು ಹುಟ್ಟಿದವು. ಅವನ್ನು ಮೃದು ದಾರಕ್ಕೆ ಕಟ್ಟಿ ತಳದಲ್ಲಿ ಕೂರುವ ಉಂಡೆಗೆ ಬಳಸಿದರೆ ಹೆಚ್ಚಿನ ಪ್ರಯೋಜನವಿಲ್ಲ.

ಮೊನೆಯ ವಿಷಯದಲ್ಲಿ ಎರಡೇ ಬಗೆ. ನೇರ ಮೊನೆ ದಂಡಕ್ಕೆ ಸಮಾನಾಂತರವಾಗಿ ಚಾಚಿರುತ್ತದೆ. ಕೊಕ್ಕಿನಂಥ ಮೊನೆ ತುದಿಯಲ್ಲಿ ಸ್ವಲ್ಪ ಒಳಕ್ಕೆ, ಕಣ್ಣಿನ ಕಡೆಗೆ ಬಾಗಿರುತ್ತದೆ. ನೇರ ಮೊನೆ ಮೊದಲು ತಾಗಿದ ಕಡೆಯಲ್ಲೇ ಬೇಗ ಕಚ್ಚಿಕೊಳ್ಳುತ್ತದೆ. ಆದರೆ ದಾರ ಎಳೆಯುವುದು ಕಣ್ಣಿನ ದಿಕ್ಕಿಗೆ. ಮೊನೆ ಬೇರೆ ದಿಕ್ಕಿಗೆ ನೋಡುತ್ತಿದ್ದರೆ ಎಳೆತದ ಬಲದಲ್ಲಿ ಒಂದಂಶ ಚುಚ್ಚುವುದಕ್ಕೆ ಬಾರದೆ ಗಾಳವನ್ನು ಓರೆ ಮಾಡುವುದಕ್ಕೆ ವ್ಯಯವಾಗುತ್ತದೆ. ಕೊಕ್ಕಿನ ಮೊನೆ ತಗಲುವುದಕ್ಕೆ ಒಂದು ಕ್ಷಣ ತಡವಾದರೂ, ತಗಲಿದ ಮೇಲೆ ಎಳೆತ ಮತ್ತು ಚುಚ್ಚುವಿಕೆ ಹೆಚ್ಚುಕಡಿಮೆ ಒಂದೇ ಗೆರೆಗೆ ಬರುವುದರಿಂದ ಆಳಕ್ಕೆ ಇಳಿದು, ದೀರ್ಘ ಹೋರಾಟದಲ್ಲಿ ಸುಲಭವಾಗಿ ಕಳಚುವುದಿಲ್ಲ. ಇದಕ್ಕಿಂತ ದೊಡ್ಡ ವ್ಯತ್ಯಾಸವನ್ನು ಕೆರೆಯ ತಳ ಉಂಟುಮಾಡುತ್ತದೆ. ಜಲ್ಲಿಯ ಮೇಲೆ ಬಿದ್ದು ಎಳೆದಾಡಿದ ನೇರ ಮೊನೆ ಬೇಗ ಮೊಂಡಾಗುತ್ತದೆ; ಒಳಕ್ಕೆ ಬಾಗಿದ ಮೊನೆ ಕಲ್ಲಿಗೆ ಅಷ್ಟಾಗಿ ಉಜ್ಜುವುದಿಲ್ಲ. ಹೂಳಿನಲ್ಲೋ ಮೆತ್ತನೆಯ ಮಣ್ಣಿನಲ್ಲೋ ಈ ಭಯವಿಲ್ಲ, ಅಲ್ಲಿ ನೇರ ಮೊನೆಯೇ ಮೇಲು. ಥೇಮ್ಸ್ ಮತ್ತು ಕೆನೆಟ್ ನದಿಗಳ ಕಣಿವೆಯಲ್ಲಿ ಜಲ್ಲಿ ತೆಗೆದ ಗುಂಡಿಗಳು ಹೇರಳವಾಗಿರುವುದರಿಂದ ನಿಮ್ಮ ಸುತ್ತಲಿನ ಬಹಳಷ್ಟು ಕೆರೆಗಳಿಗೆ ಈ ಮಾತು ಅನ್ವಯಿಸುತ್ತದೆ. ಬರಿಯ ಸೀಸದ ಗುಂಡನ್ನು ಎಸೆದು ಮೆಲ್ಲಗೆ ಎಳೆದು ನೋಡಿ. ಜಲ್ಲಿಯಾದರೆ ಕೋಲಿನ ತುದಿಯಲ್ಲಿ ಟಕಟಕನೆ ಬಡಿತ ತಿಳಿಯುತ್ತದೆ, ಹೂಳಾದರೆ ಗುಂಡು ಮೊದಲು ಹಿಡಿದುಕೊಂಡು ಆಮೇಲೆ ನುಣ್ಣಗೆ ಜಾರಿ ಬರುತ್ತದೆ.

ತೆರಪು ಮತ್ತು ನಂಬರಿನ ಮಾತು. ಗಾಳದ ನಂಬರು ಹೆಚ್ಚಿದಂತೆ ಗಾಳ ಚಿಕ್ಕದಾಗುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ಒಂದು ತಯಾರಕರ 6ನೇ ನಂಬರು ಇನ್ನೊಬ್ಬರ 4ಕ್ಕೋ 8ಕ್ಕೋ ಸಮನಾಗಿರಬಹುದು, ಎಲ್ಲರೂ ಒಪ್ಪಿದ ಅಳತೆ ಎಂಬುದಿಲ್ಲ. ಆದ್ದರಿಂದ ನಂಬರನ್ನು ನಂಬಿ ಕೊಳ್ಳಬೇಡಿ, ಗಾಳವನ್ನು ಉಂಡೆಯ ಪಕ್ಕದಲ್ಲಿಟ್ಟು ಕಣ್ಣಿನಿಂದ ಅಳೆಯಿರಿ. ಉಂಡೆ ಬಾಯಿಯೊಳಗೆ ಗಾಳದ ಜೊತೆಗೇ ಇರುತ್ತದೆ. ತೆರಪು ಕಿರಿದಾಗಿದ್ದು ಉಂಡೆ ದೊಡ್ಡದಾಗಿದ್ದರೆ, ಮೊನೆ ತುಟಿಗೆ ಇಳಿಯುವ ಮುನ್ನ ಉಂಡೆ ನಡುವೆ ಬಂದು ತಡೆಯುತ್ತದೆ. ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರಿನ ಉಂಡೆಗೆ 8, 15ಕ್ಕೆ 6, 18ರಿಂದ 20ಕ್ಕೆ 4 ಎಂಬ ಲೆಕ್ಕ ಸರಿಹೋಗುತ್ತದೆ. 15 ಮಿಲಿಮೀಟರಿನ ಉಂಡೆಗೆ ನೀವು ಬಳಸುತ್ತಿರುವ 8ನೇ ನಂಬರು, ಅದರಲ್ಲೂ ಲಾಂಗ್ ಶ್ಯಾಂಕಿನಲ್ಲಿ ಉದ್ದಕ್ಕೆ ಹೋಲಿಸಿದರೆ ತೆರಪು ಕಿರಿದಾಗಿಯೇ ಇರುವುದರಿಂದ, ಒಂದು ಮೆಟ್ಟಿಲು ಚಿಕ್ಕದಾಯಿತು. ದೊಡ್ಡ ಗಾಳವನ್ನು ಕಂಡರೆ ಮೀನು ಹೆದರುತ್ತದೆ ಎಂಬ ಅಂಜಿಕೆಯಿಂದ ಚಿಕ್ಕ ಗಾಳಕ್ಕೆ ಇಳಿಯುವವರು ಅನೇಕರು. ತಳದಲ್ಲಿ ಕೂರುವ ಎರೆಯ ಮಟ್ಟಿಗೆ ಆ ಅಂಜಿಕೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಗಾಳದ ಭಾರದಿಂದ ಉಂಡೆ ಅಸಹಜವಾಗಿ ಕುಳಿತಿರುತ್ತದೆ ಎಂಬುದು ನಿಜವಾದ ಆಕ್ಷೇಪಣೆ. ಅದಕ್ಕೆ ಅರ್ಧ ತೇಲುವ ಉಂಡೆಯನ್ನು ಬಳಸಿ ಗಾಳದ ಭಾರವನ್ನು ಸರಿದೂಗಿಸುವುದು ಪರಿಹಾರವೇ ಹೊರತು ಗಾಳವನ್ನು ಕುಗ್ಗಿಸುವುದಲ್ಲ.

ದಂಡದ ಉದ್ದದ ಹಿಂದೆ ಒಂದು ಕತೆಯೇ ಇದೆ. ದಂಡ ಉದ್ದವಾದಷ್ಟೂ ಗಾಳ ಬೇಗ ಹೊರಳುತ್ತದೆ ಎಂಬುದನ್ನು ಕಂಡುಕೊಂಡವರು, ಉದ್ದ ದಂಡವನ್ನು ನಡುವೆ ಮುರಿದಂತೆ ಬಾಗಿಸಿದ ಗಾಳಗಳನ್ನು ಬಳಕೆಗೆ ತಂದಿದ್ದರು. ಅವು ತಪ್ಪದೆ ಚುಚ್ಚುತ್ತಿದ್ದವು, ಜೊತೆಗೆ ಮೀನಿನ ಬಾಯಿಯನ್ನೂ ಹರಿಯುತ್ತಿದ್ದವು. ಉದ್ದ ದಂಡ ಹೋರಾಟದುದ್ದಕ್ಕೂ ಮೀಟುಗೋಲಿನಂತೆ ಅತ್ತಿತ್ತ ಆಡಿ ತೂತನ್ನು ದೊಡ್ಡದು ಮಾಡುವುದು ಅದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ಹಿಡಿದ ಗೆಂಡೆಯನ್ನು ಮರಳಿ ನೀರಿಗೆ ಬಿಡುವುದೇ ಪದ್ಧತಿಯಾದ್ದರಿಂದ ಬಾಯಿ ಹರಿದ ಮೀನು ಎಲ್ಲರ ನಷ್ಟ, ಹಾಗಾಗಿ ಅನೇಕ ಕೆರೆಗಳಲ್ಲಿ ಆ ಗಾಳವನ್ನು ನಿಷೇಧಿಸಿದರು. ಅದೇ ಗುಣವನ್ನು ಅಪಾಯವಿಲ್ಲದೆ ಪಡೆಯಲು ಜಿಮ್ ಗಿಬಿನ್ಸನ್ ಅವರು ರೂಪಿಸಿದ ಉಪಾಯವೇ ಲೈನ್ ಅಲೈನರ್: ಸಾಮಾನ್ಯ ಗಾಳದ ಕಣ್ಣಿನ ಮೇಲೆ ಚಿಕ್ಕದೊಂದು ಕೊಳವೆಯನ್ನು ಏರಿಸಿ, ದಾರವನ್ನು ಅದರ ಒಳಬದಿಯಿಂದ ಹೊರತೆಗೆಯುವುದು. ಕೊಳವೆ ದಂಡವನ್ನು ಉದ್ದ ಮಾಡಿದಂತೆಯೂ ಆಯಿತು, ಎಳೆತದ ಕೋನವನ್ನು ಸರಿಪಡಿಸಿದಂತೆಯೂ ಆಯಿತು, ಲೋಹದ ಉದ್ದ ದಂಡ ಮಾತ್ರ ಇಲ್ಲವಾಯಿತು. ಇಂದಿನ ಕರ್ವ್ ಶ್ಯಾಂಕ್ ಗಾಳ ಇದೇ ವಿಚಾರದ ಮುಂದುವರಿಕೆ. ದಂಡವೇ ಬಿಲ್ಲಿನಂತೆ ಬಾಗಿ, ಕಣ್ಣು ಒಳಕ್ಕೆ ತಿರುಗಿ, ಕೊಳವೆಯ ಕೆಲಸವನ್ನು ಲೋಹವೇ ಮಾಡುತ್ತದೆ. ಅದು ಬಹಳ ಚುರುಕಾಗಿ ಹೊರಳುತ್ತದೆ, ಪಾಪ್-ಅಪ್ ಉಂಡೆಯನ್ನು ಸಣ್ಣ ಸ್ವಿವೆಲ್ಲಿನ (ತಿರುಗುವ ಕೊಂಡಿಯ) ಮೇಲೆ ತಿರುಗುವಂತೆ ಕಟ್ಟುವ ರಾನಿ ರಿಗ್ಗಿಗೆ ಹೇಳಿಮಾಡಿಸಿದಂತಿದೆ. ಹಾಗೆಂದು ಲಾಂಗ್ ಶ್ಯಾಂಕ್ ಅನ್ನು ತಳ್ಳಿಹಾಕಬೇಕಾಗಿಲ್ಲ. ದಂಡದ ಮೇಲೆ ಚಿಕ್ಕ ಉಂಗುರ ಜಾರುವ ಬ್ಲೋಬ್ಯಾಕ್ ರಿಗ್ಗಿಗೆ ಉದ್ದ ದಂಡದಲ್ಲಿ ಜಾಗ ಸಿಗುತ್ತದೆ. ಆದರೆ ಹೊಸಬರಿಗೆ, ಅದರಲ್ಲೂ ಹಿಮ್ಮುಳ್ಳಿಲ್ಲದ ಕೆರೆಯಲ್ಲಿ, ಮೊದಲ ಆಯ್ಕೆಯಾಗಿ ನಾನು ಅದನ್ನು ಸೂಚಿಸುವುದಿಲ್ಲ.

ಉಳಿದದ್ದು ವೈಡ್ ಗೇಪ್. ಗಿಡ್ಡ ದಂಡ, ಅಗಲವಾದ ತೆರಪು, ಸ್ವಲ್ಪ ಒಳಬಾಗಿದ ಕಣ್ಣು, ತಯಾರಕರನ್ನು ಅನುಸರಿಸಿ ನೇರ ಅಥವಾ ಲಘುವಾಗಿ ಕೊಕ್ಕಾದ ಮೊನೆ. ಯಾವ ಒಂದು ಗುಣದಲ್ಲಿಯೂ ಇದು ಮೊದಲಿನದಲ್ಲ, ಯಾವುದರಲ್ಲಿಯೂ ಕೊನೆಯದೂ ಅಲ್ಲ. ತುಟಿಯ ದಪ್ಪವನ್ನು ಚೆನ್ನಾಗಿ ಬಳಸಿ ಹಿಡಿಯುತ್ತದೆ, ಗಿಡ್ಡ ದಂಡವಾದ್ದರಿಂದ ಮೀಟುವ ಬಲ ಕಡಿಮೆ. ಒಂದೇ ಬಗೆಯ ಗಾಳವನ್ನು ಕೊಳ್ಳಲು ಹಣವಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಹಿಮ್ಮುಳ್ಳಿನ ಬಗ್ಗೆ ಇಂಗ್ಲೆಂಡಿನ ಕೆರೆಗಳಲ್ಲಿ ಒಮ್ಮತವಿಲ್ಲ. ಬಹಳಷ್ಟು ಕಡೆ ಹಿಮ್ಮುಳ್ಳಿಲ್ಲದ ಗಾಳವೇ ಕಡ್ಡಾಯ, ಬಿಡಿಸುವುದು ಸುಲಭವೆಂಬ ಕಾರಣಕ್ಕೆ. ಕೆಲವೆಡೆ ಅದಕ್ಕೇ ನಿಷೇಧವಿದೆ, ಹೋರಾಟದಲ್ಲಿ ಗಾಳ ತೂತಿನೊಳಗೆ ಸರಿದಾಡಿ ಗಾಯ ಮಾಡುತ್ತದೆ ಎಂಬ ಕಾರಣಕ್ಕೆ. ಎರಡು ವಾದಗಳಲ್ಲಿಯೂ ಹುರುಳಿದೆ. ನಿಮಗೆ ಅನ್ವಯಿಸುವುದು ಕೆರೆಯ ನಿಯಮವಾದ್ದರಿಂದ, ಅದರಿಂದ ಆಗುವ ಪರಿಣಾಮವನ್ನಷ್ಟೇ ಗಮನಿಸೋಣ. ಹಿಮ್ಮುಳ್ಳಿಲ್ಲದ ಗಾಳವನ್ನು ಒಳಗೆ ಹಿಡಿದಿಡುವುದು ಎಳೆತ ಮಾತ್ರ. ದಾರ ಒಂದು ಕ್ಷಣ ಸಡಿಲವಾದರೆ ಸಾಕು, ಗಾಳ ಬಂದ ದಾರಿಯಲ್ಲೇ ಜಾರಿ ಹೋಗುತ್ತದೆ. ಮೀನು ನಿಮ್ಮ ಕಡೆಗೇ ಓಡಿ ಬಂದಾಗ ರೀಲನ್ನು ಅಷ್ಟೇ ವೇಗದಲ್ಲಿ ಸುತ್ತದಿದ್ದರೆ, ದಡದ ಹತ್ತಿರ ಕೋಲನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಹಠಾತ್ತನೆ ಹೊರಳಿಸಿದರೆ ಆಗುವುದು ಇದೇ. ಆದ್ದರಿಂದ ಇಂಥ ಕೆರೆಯಲ್ಲಿ ಸ್ವಲ್ಪ ಕೊಕ್ಕಾದ ಮೊನೆಗೆ ಇನ್ನೊಂದು ಅಂಕ ಹೆಚ್ಚು ಸಿಗುತ್ತದೆ. ತಂತಿಯ ದಪ್ಪವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ತೆಳು ತಂತಿ ಸುಲಭವಾಗಿ ಚುಚ್ಚುತ್ತದೆ, ಬಲವಂತವಾಗಿ ಎಳೆದರೆ ಬಾಗುತ್ತದೆ, ದಪ್ಪ ತಂತಿಯನ್ನು ಮುಳುಗಿದ ಮರ, ದಟ್ಟ ಜೊಂಡು ಇರುವ ಕಡೆಗೆ ಮೀಸಲಿಡಿ. ತೆರೆದ ನೀರಿಗೆ ಮಧ್ಯಮ ದಪ್ಪ ಸಾಕು.

ಹಾಗಾದರೆ ನೀವು ಮಾಡಬೇಕಾದದ್ದೇನು? ಜಲ್ಲಿಯಿರುವ ಕಡೆಗೆ, ಸ್ವಲ್ಪ ಕೊಕ್ಕಾದ ಮೊನೆಯ, ಹಿಮ್ಮುಳ್ಳಿಲ್ಲದ, 6ನೇ ನಂಬರಿನ ವೈಡ್ ಗೇಪ್ ಒಂದು ಪೊಟ್ಟಣ ಕೊಳ್ಳಿರಿ. ಬಿರುಸಾದ ಫ್ಲೂರೋಕಾರ್ಬನ್ನಿಗೆ ಬದಲಾಗಿ, ಮೇಲೆ ಹೊದಿಕೆಯಿರುವ ಹೆಣೆದ ದಾರವನ್ನು ತಂದು, ಗಾಳದ ಬಳಿ ಎರಡು ಸೆಂಟಿಮೀಟರಿನಷ್ಟು ಹೊದಿಕೆಯನ್ನು ಸುಲಿದುಬಿಟ್ಟರೆ, ಎಸೆದಾಗ ಸಿಕ್ಕುಬೀಳದಷ್ಟು ಬಿರುಸೂ ಮೀನಿನ ಬಾಯಿಯಲ್ಲಿ ಹೊರಳುವಷ್ಟು ಮೃದುತ್ವವೂ ಒಟ್ಟಿಗೆ ಸಿಗುತ್ತವೆ. ಕೂದಲೆಳೆಯ ಉದ್ದವನ್ನು ಉಂಡೆಗೂ ಗಾಳದ ಬಾಗಿಗೂ ನಡುವೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಜಾಗ ಉಳಿಯುವಂತೆ ಇಟ್ಟುಕೊಳ್ಳಿ. ಉಂಡೆ ಬಾಗಿಗೆ ಅಂಟಿಕೊಂಡಿದ್ದರೆ ಗಾಳ ಸ್ವತಂತ್ರವಾಗಿ ಹೊರಳುವುದಿಲ್ಲ, ಬಹಳ ದೂರ ಜೋತಾಡಿದರೆ ಉಂಡೆ ಒಳಗೆ ಹೋದಾಗಲೂ ಗಾಳ ತುಟಿಯ ಅಂಚಿನಲ್ಲೇ ಉಳಿಯುತ್ತದೆ. ಕಣ್ಣಿನ ಮೇಲೆ ಒಂದು ಸೆಂಟಿಮೀಟರಿನ, ಬಿಸಿಗೆ ಕುಗ್ಗುವ ಕೊಳವೆಯನ್ನು ಏರಿಸಿ, ಕೆಟಲಿನ ಹಬೆಗೆ ಹಿಡಿದು, ಮೊನೆಯ ಕಡೆಗೆ ಲಘುವಾಗಿ ಬಾಗಿಸಿದರೆ ಇನ್ನೂ ಒಳ್ಳೆಯದು. ಹೂಳಿನ ಮೇಲೆ ಹಾಕುವಾಗ ಪಾಪ್-ಅಪ್ ಉಂಡೆಗೆ ತಿರುಗಿ, ನೇರ ಮೊನೆಯ ಕರ್ವ್ ಶ್ಯಾಂಕ್ ಬಳಸಿರಿ. ಕೈಯಲ್ಲಿರುವ ಫ್ಲೂರೋಕಾರ್ಬನ್ನನ್ನು ಎಸೆಯಬೇಕಾಗಿಲ್ಲ. ಮುಂದೆ ಚಾಡ್ ಗಾಳಕ್ಕೆ ಮನಸ್ಸಾದರೆ ಅದರ ಹೊರಗಣ್ಣಿಗೆ ಅದು ಚೆನ್ನಾಗಿ ಹೊಂದುತ್ತದೆ. ವೈಡ್ ಗೇಪ್, ಕರ್ವ್ ಶ್ಯಾಂಕ್ ಎಂಬ ಎರಡು ಆಕಾರಗಳಿಂದಲೇ ಒಂದು ಋತುವನ್ನು ಪೂರ್ತಿ ಕಳೆಯಿರಿ. ಒಂದು ಮೀನು ತಪ್ಪಿದ ಮಾತ್ರಕ್ಕೆ ಆಕಾರ ಬದಲಿಸುತ್ತ ಹೋದರೆ, ಕಾರಣ ಗಾಳವೋ ದಾರವೋ ಕೈಯೋ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಕಟ್ಟಿದ ಗಾಳ ಹೊರಳುತ್ತದೆಯೇ ಎಂಬುದನ್ನು ನೀರಿಗೆ ಹಾಕುವ ಮೊದಲೇ ನೋಡಬಹುದು. ಗಾಳವನ್ನು ಅಂಗೈಯ ಅಂಚಿನಲ್ಲಿ ಅಡ್ಡಡ್ಡ ಮಲಗಿಸಿ, ದಾರವನ್ನು ಬಹಳ ಮೆಲ್ಲಗೆ ಎಳೆಯಿರಿ. ಮೊನೆ ತಾನಾಗಿ ಕೆಳಗೆ ತಿರುಗಿ ಚರ್ಮಕ್ಕೆ ತಾಗಿದರೆ ಕಟ್ಟಿದ್ದು ಸರಿ, ಗಾಳ ಅಡ್ಡಲಾಗಿಯೇ ಜಾರಿ ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು. ಮೀನು ಸಿಕ್ಕ ಮೇಲೆ ಗಾಳ ಎಲ್ಲಿ ನೆಟ್ಟಿದೆ ಎಂಬುದನ್ನು ಬಿಡಿಸುವ ಮುನ್ನ ತಪ್ಪದೆ ನೋಡಿಕೊಳ್ಳಿ. ಕೆಳತುಟಿಯ ನಡುವೆ, ಅಂಚಿನಿಂದ ಎರಡು ಸೆಂಟಿಮೀಟರಿನಷ್ಟು ಒಳಗೆ ನೆಟ್ಟಿದ್ದರೆ ಏನನ್ನೂ ಬದಲಿಸಬೇಡಿ. ತುಟಿಯ ಅಂಚಿನಲ್ಲೋ ಮೇಲ್ತುಟಿಯಲ್ಲೋ ಮತ್ತೆ ಮತ್ತೆ ಕಂಡುಬಂದರೆ ಗಾಳ ತಡವಾಗಿ ಹೊರಳುತ್ತಿದೆ ಎಂದರ್ಥ. ಕೂದಲೆಳೆಯ ಉದ್ದ, ಕೊಳವೆಯ ಕೋನಗಳನ್ನು ಆಗ ಸರಿಪಡಿಸಿಕೊಳ್ಳಬೇಕು.

ಆಕಾರದ ಚರ್ಚೆಯಲ್ಲಿ ಮರೆಯಾಗುವ ಸಂಗತಿಯೊಂದಿದೆ, ಅದು ಹರಿತ. ಮೊಂಡಾದ ಒಳ್ಳೆಯ ಆಕಾರಕ್ಕಿಂತ ಹರಿತವಾದ ಸಾಧಾರಣ ಆಕಾರ ಹೆಚ್ಚು ಮೀನು ತರುತ್ತದೆ, ಈ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಭಾರ ಹಾಕದೆ ಎಳೆಯಿರಿ. ಗೀರು ಮೂಡಿದರೆ ಇಟ್ಟುಕೊಳ್ಳಿ, ಜಾರಿದರೆ ಬದಲಿಸಿ. ಹೊಸ ಪೊಟ್ಟಣದ ಗಾಳಕ್ಕೂ ಈ ಪರೀಕ್ಷೆ ಬೇಕು. ಪ್ರತಿ ಮೀನಿನ ನಂತರ, ಜಲ್ಲಿಯ ಮೇಲೆ ಎಳೆದು ತಂದ ಪ್ರತಿ ಎಸೆತದ ನಂತರವೂ ಬೇಕು. ಸಣ್ಣ ಅರದಿಂದ ಹರಿತ ಮಾಡಿಕೊಳ್ಳುವವರೂ ಇದ್ದಾರೆ, ಆದರೆ ಅರ ತಾಗಿದ ಕಡೆ ಮೇಲಿನ ಲೇಪ ಹೋಗಿ ತುಕ್ಕು ಹಿಡಿಯುವುದರಿಂದ ಅಂಥ ಗಾಳವನ್ನು ಮುಂದಿನ ವಾರಕ್ಕೆ ಉಳಿಸಿಕೊಳ್ಳಲಾಗದು.

ಮೀನು ತಪ್ಪುವುದಕ್ಕೆ ಗಾಳದ ಹೊರಗಿನ ಕಾರಣಗಳೂ ಇವೆ. ರೀಲಿನಿಂದ ದಾರ ಬಿಚ್ಚಿಕೊಳ್ಳುವುದನ್ನು ಹತೋಟಿಯಲ್ಲಿಡುವ ಕ್ಲಚ್ಚನ್ನು ಬಹಳ ಬಿಗಿಯಾಗಿಟ್ಟರೆ ಓಡುವ ಮೀನಿನ ತುಟಿ ಹರಿಯುತ್ತದೆ. ಭಾರದ ಸೀಸ ದಾರದಲ್ಲೇ ಉಳಿದಿದ್ದರೆ, ಮೀನು ತಲೆ ಕೊಡವಿದಾಗ ಅದು ಗಾಳಕ್ಕೆ ಎದುರಾಗಿ ಜಗ್ಗುತ್ತದೆ. ಸೇಫ್ಟಿ ಕ್ಲಿಪ್ಪಿನಿಂದ ಸೀಸ ಕಳಚಿಕೊಳ್ಳುವಂತಿದ್ದರೆ ಈ ಜಗ್ಗಾಟ ತಪ್ಪುತ್ತದೆ, ದಾರ ತುಂಡಾದರೆ ಮೀನು ಸೀಸವನ್ನು ಎಳೆದುಕೊಂಡು ಸಾಯುವುದೂ ತಪ್ಪುತ್ತದೆ.

ಊರಿನ ಮೀನುಗಳ ಮಾತು ಬೇರೆ. ಕೃಷ್ಣರಾಜಸಾಗರ, ಕಬಿನಿ, ತುಂಗಭದ್ರಾ ಹಿನ್ನೀರುಗಳಲ್ಲಿಯೂ ಬಿತ್ತನೆ ಮಾಡಿದ ಕೆರೆಗಳಲ್ಲಿಯೂ ಸಿಗುವ ಸಾಮಾನ್ಯ ಗೆಂಡೆ, ನೀವು ಇಂಗ್ಲೆಂಡಿನಲ್ಲಿ ಹಿಡಿಯುತ್ತಿರುವ ಜಾತಿಯೇ. ಅದಕ್ಕೂ ತಳದಲ್ಲಿ ಮೇಯುವ ಮೃಗಾಲ್ ಮೀನಿಗೂ ನಿಮ್ಮ ವೈಡ್ ಗೇಪ್ ಸಲ್ಲುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ, ಅದು ನೀರಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ತಳದಲ್ಲಿ ಕೂತ ಗಟ್ಟಿ ಬಾಯ್ಲಿಯನ್ನು ಹುಡುಕಿಕೊಂಡು ಬರುವ ಪೈಕಿಯಲ್ಲ. ರೋಹುವಿನ ಬಾಯಿ ಚಿಕ್ಕದು, ತುಟಿ ಜಾಲರಿಯಂತೆ ಮೃದು. ನಮ್ಮಲ್ಲಿ ಕಡಲೆಕಾಯಿ ಹಿಂಡಿ, ರಾಗಿ ಹಿಟ್ಟು ಮುಂತಾದವನ್ನು ಕಲಸಿದ ದೊಡ್ಡ ಮುದ್ದೆಯ ಸುತ್ತ ಗಿಡ್ಡ ದಾರದ ಹಲವು ಸಣ್ಣ ಗಾಳಗಳನ್ನು ಹುದುಗಿಸಿ ಬಿಡುವ ಕ್ರಮ ಬಳಕೆಯಲ್ಲಿದೆ. ನೀರಿನಲ್ಲಿ ಕರಗಿ ಉದುರುವ ಹಿಟ್ಟನ್ನು ಮೀನು ಹೀರುವಾಗ ಗಾಳವೂ ಒಳಗೆ ಹೋಗುತ್ತದೆ. ಈ ಕ್ರಮದಲ್ಲಿ ಗಾಳ ಹಗುರವಾಗಿರುವುದೇ ಮುಖ್ಯ ಗುಣ, ಏಕೆಂದರೆ ಹಿಟ್ಟಿನ ಪುಡಿಯೊಂದಿಗೆ ಅದು ತೇಲಿ ಬರಬೇಕು. ಆದ್ದರಿಂದ ತೆಳು ತಂತಿಯ, ಗಿಡ್ಡ ದಂಡದ 8 ಅಥವಾ 10ನೇ ನಂಬರಿನ ಗಾಳಗಳನ್ನು ಇಂಗ್ಲೆಂಡಿನಿಂದಲೇ ಊರಿಗೆ ಕೊಂಡೊಯ್ಯಿರಿ. ಚಾಡ್ ಗಾಳಕ್ಕೆ ಅಲ್ಲಿ ಕೆಲಸವಿಲ್ಲ. ಕರ್ವ್ ಶ್ಯಾಂಕಿನ ಹೊರಳುವ ಗುಣವೂ ಹಿಟ್ಟಿನ ಮುದ್ದೆಯೊಳಗೆ ವ್ಯರ್ಥ. ಒಂದೇ ಗಾಳದಲ್ಲಿ ಕಾಟ್ಲಾಕ್ಕೆ ಪ್ರಯತ್ನಿಸುವುದಾದರೆ ಬೆಂಡಿನ ಕೆಳಗೆ ನಡುನೀರಿನಲ್ಲಿ ನಿಲ್ಲುವ ಮೆತ್ತನೆಯ ಹಿಟ್ಟಿಗೆ 6ನೇ ನಂಬರಿನ ವೈಡ್ ಗೇಪ್ ಆಗುತ್ತದೆ. ಹಿಟ್ಟು ಮೊನೆಯನ್ನು ಮುಚ್ಚದಂತೆ ನೋಡಿಕೊಂಡರಾಯಿತು.

ಕಾವೇರಿಯ ಹೊಳೆಯಲ್ಲಿ ಗಾಳ ಹಾಕುವ ಆಲೋಚನೆಯಿದ್ದರೆ ಒಂದು ಎಚ್ಚರಿಕೆ ಅಗತ್ಯ. ಅಲ್ಲಿನ ಗೂನುಬೆನ್ನಿನ ಮಹಶೀರ್ ಗೆಂಡೆಯ ಕುಟುಂಬಕ್ಕೇ ಸೇರಿದ್ದು, 2018ರಿಂದ ಅಳಿವಿನ ತೀರ ಹತ್ತಿರವಿರುವ ಜಾತಿಗಳ ಪಟ್ಟಿಯಲ್ಲಿದೆ. ಅದು ರಾಗಿ ಮುದ್ದೆಗೂ ಬರುತ್ತದೆ. ನಿಮ್ಮ ಗೆಂಡೆಯ ಗಾಳ ಅದರ ಎಳೆತಕ್ಕೆ ಬಾಗಿ ನೇರವಾದೀತು, ಮೀನೂ ಗಾಯಗೊಂಡೀತು. ವನ್ಯಧಾಮದ ಎಲ್ಲೆಯೊಳಗಿನ ನೀರಿಗೆ ಇಳಿಯಲೇಬೇಡಿ. ಊರ ಕೆರೆಯಾದರೆ ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದವರನ್ನು ಮೊದಲು ಕೇಳಿ. ಇಂಗ್ಲೆಂಡಿನಲ್ಲಿ ದಿನದ ಟಿಕೆಟ್ಟಿನ ಜೊತೆಗೆ ಪರಿಸರ ಸಂಸ್ಥೆಯ ರಾಡ್ ಲೈಸೆನ್ಸ್ ಕೂಡ ನಿಮ್ಮ ಹೆಸರಿನಲ್ಲಿ ಇರಬೇಕು ಎಂಬುದು ನಿಮಗೆ ಗೊತ್ತಿರಬಹುದು. ಕೆರೆಯ ಟಿಕೆಟ್ ಒಂದೇ ಸಾಲದು, 13 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಅದು ಕಡ್ಡಾಯ.